ಗುರಿಯರಿತ ಮದ್ದನ್ನು ಅರಸಿದ ಪಾಲ್ ಎರ್ಲಿಖ್

ರೋಗ ಸಾಯಬೇಕು, ರೋಗಿ ಬದುಕಬೇಕು. ವೈದ್ಯವಿದ್ಯೆಯ ಸಾರವೆಲ್ಲವೂ ಈ ನಾಲ್ಕು ಮಾತುಗಳಲ್ಲಿ ಅಡಗಿದೆ. ಹೇಳುವುದಕ್ಕೆ ಇಷ್ಟು ಸುಲಭವಾದುದು ಮಾಡುವುದಕ್ಕೆ ಎಷ್ಟು ಕಠಿನವೆಂಬುದನ್ನು ಬಲ್ಲವರೇ ಬಲ್ಲರು. ರೋಗವು ನೆಲೆಸಿರುವುದು ರೋಗಿಯ ಮೈಯೊಳಗೇ ಆದುದರಿಂದ, ರೋಗಕ್ಕೆ ವಿಷವಾದುದು ರೋಗಿಗೂ ವಿಷವಾಗುವ ಸಂಭವವುಂಟು. ಪೈರಿನ ಬೇರು ಅಲುಗದಂತೆ ಕಳೆಯನ್ನು ಮಾತ್ರ ಕೀಳುವ ಕೈ ಬೇಕು. ಅಂತಹ ಕೈಯನ್ನು ರಸಾಯನಶಾಸ್ತ್ರದಲ್ಲಿ ಹುಡುಕಿದ ಮೊದಲಿಗರಲ್ಲಿ ಅಗ್ರಗಣ್ಯನು ಜರ್ಮನಿಯ ಪಾಲ್ ಎರ್ಲಿಖ್.

ಈ ಮಹನೀಯನ ಚರಿತ್ರೆಯನ್ನು ಬರೆಯಲು ನಮಗೆ ಪ್ರೇರಣೆಯಾದುದು ನಮ್ಮ ಶಾಲೆಯ ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆ. ಕಳೆದ ಮಳೆಗಾಲದ ಒಂದು ಸಂಜೆ ಒಂಬತ್ತನೆಯ ತರಗತಿಯ ಆ ಹುಡುಗಿ, ಶಾಲೆ ಬಿಟ್ಟ ಮೇಲೂ ಮನೆಗೆ ಹೋಗದೆ ನಮ್ಮ ಮೇಜಿನ ಬಳಿ ನಿಂತಿದ್ದಳು. ಆಕೆಯ ಸೋದರಮಾವನು ವಿಜಯಪುರದ ಕಡೆಯಿಂದ ಚಿಕಿತ್ಸೆಗಾಗಿ ಮುಂಬಯಿಗೆ ಬಂದು, ಅವರ ಒಂದೇ ಕೋಣೆಯ ಮನೆಯಲ್ಲಿ ಇಳಿದುಕೊಂಡಿದ್ದನು. ಆತನಿಗೆ ಕ್ಯಾನ್ಸರು, ಬಹಳ ಮುಂದುವರಿದಿತ್ತು. ರೂಢಿಯ ಕೀಮೋಥೆರಪಿಯೊಡನೆ ಒಂದು ಹೊಸ ಔಷಧವನ್ನು ಸೇರಿಸಿ ಕೊಡುವ ಪರೀಕ್ಷೆಯೊಂದು ನಡೆಯುತ್ತಿದೆಯೆಂದೂ, ಒಪ್ಪಿಗೆಯಿದ್ದರೆ ಸೇರಬಹುದೆಂದೂ ವೈದ್ಯರು ತಿಳಿಸಿ, ಹಲವು ಪುಟಗಳ ಕಾಗದವನ್ನು ಕೊಟ್ಟಿದ್ದರು. ಮನೆಯಲ್ಲಿ ಎಲ್ಲರೂ ಹೆದರಿಕೊಂಡಿದ್ದರು. ಮಾವನನ್ನು ಇಲಿಯ ಹಾಗೆ ಪ್ರಯೋಗಕ್ಕೆ ಒಡ್ಡುವರೇ ಎಂದು ಆ ಮಗು ನಮ್ಮನ್ನು ಕೇಳಿತು. ಕನ್ನಡ ಪಾಠ ಹೇಳುವ ನಮಗೆ ಆಗ ಉತ್ತರ ತಿಳಿದಿರಲಿಲ್ಲ. ಉತ್ತರವನ್ನು ಹುಡುಕುತ್ತ ಹೋದಾಗ ನಾವು ತಲುಪಿದುದು ನೂರು ವರ್ಷಗಳಿಗೂ ಹಿಂದೆ ತೀರಿಕೊಂಡ ಎರ್ಲಿಖನ ಪ್ರಯೋಗಶಾಲೆಯ ಬಾಗಿಲಿಗೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಪಾಲ್ ಎರ್ಲಿಖನು 1854ನೆಯ ಇಸವಿ ಮಾರ್ಚ್ 14ರಂದು ಸೈಲೀಸಿಯಾ ಪ್ರಾಂತದ ಸ್ಟ್ರೇಲನ್ ಎಂಬ ಸಣ್ಣ ಊರಿನಲ್ಲಿ ಒಂದು ಯೆಹೂದಿ ಕುಟುಂಬದಲ್ಲಿ ಹುಟ್ಟಿದನು. ಆಗ ಅದು ಪ್ರಷ್ಯಾ ರಾಜ್ಯಕ್ಕೆ ಸೇರಿತ್ತು, ಇಂದು ಪೋಲೆಂಡಿನಲ್ಲಿದೆ. ತಂದೆ ಇಸ್ಮಾರ್ ವ್ಯಾಪಾರಿ, ತಾಯಿ ರೋಸಾ. ಹತ್ತನೆಯ ವಯಸ್ಸಿಗೆ ಹುಡುಗನನ್ನು ಬ್ರೆಸ್ಲೌ ನಗರದ ಶಾಲೆಗೆ ಸೇರಿಸಿದರು. ಊರು ಬಿಟ್ಟು ನಗರದಲ್ಲಿ ಓದುವ ಮಕ್ಕಳ ಕಷ್ಟವನ್ನು ನಮ್ಮ ವಿದ್ಯಾರ್ಥಿಗಳಿಗೆ ನಾವು ವಿವರಿಸಬೇಕಾಗಿಲ್ಲ.

ಆತನಿಗೆ ಗಣಿತ, ಲ್ಯಾಟಿನ್ ಭಾಷೆಗಳು ಚೆನ್ನಾಗಿ ಬರುತ್ತಿದ್ದವು. ಜರ್ಮನ್ ಪ್ರಬಂಧವೆಂದರೆ ಮಾತ್ರ ತಲೆನೋವು. ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಜೀವನವೊಂದು ಕನಸು ಎಂಬ ವಿಷಯ ಕೊಟ್ಟಿದ್ದರಂತೆ. ಉಳಿದವರು ಕವಿಗಳನ್ನೂ ತತ್ತ್ವಜ್ಞಾನಿಗಳನ್ನೂ ನೆನೆದು ಬರೆಯುತ್ತಿರಲು, ಎರ್ಲಿಖನು ಜೀವನವೆಂದರೆ ಆಮ್ಲಜನಕದೊಡನೆ ನಡೆಯುವ ದಹನಕ್ರಿಯೆಯೆಂದೂ, ಕನಸೆಂದರೆ ಮಿದುಳಿನಲ್ಲಿ ನಡೆಯುವ ಅದೇ ಕ್ರಿಯೆಯ ಮಂದ ಬೆಳಕೆಂದೂ ಬರೆದುಬಿಟ್ಟನು. ಉಪಾಧ್ಯಾಯರು ಮೆಚ್ಚಲಿಲ್ಲ. ಪ್ರಬಂಧದಲ್ಲಿ ಕಡಿಮೆ ಅಂಕ ಪಡೆದವರು ಇದರಿಂದ ಸಮಾಧಾನ ಪಟ್ಟುಕೊಳ್ಳಬಹುದು. ಆದರೆ ಪ್ರಬಂಧ ಬರೆಯುವುದನ್ನು ಬಿಡಬಾರದು.

ಈ ಶಾಲೆಯಲ್ಲಿ ಆತನಿಗೆ ಆಲ್ಬರ್ಟ್ ನೈಸರ್ ಎಂಬ ಸಹಪಾಠಿಯಿದ್ದನು. ಇವನೂ ಮುಂದೆ ಹೆಸರಾಂತ ವೈದ್ಯನಾದನು. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೂ ಇವನಿಗೂ ಸಂಬಂಧವಿದೆ.

ಎರ್ಲಿಖನ ತಾಯಿಯ ಕಡೆಯ ಬಂಧು ಕಾರ್ಲ್ ವೈಗರ್ಟ್ ಎಂಬುವನು ಒಂಬತ್ತು ವರ್ಷ ಹಿರಿಯನು, ರೋಗನಿದಾನಶಾಸ್ತ್ರದಲ್ಲಿ ಪರಿಣತನು. 1856ರಲ್ಲಿ ಇಂಗ್ಲೆಂಡಿನ ಪರ್ಕಿನ್ ಎಂಬ ಹದಿನೆಂಟು ವರ್ಷದ ತರುಣನು ಕಲ್ಲಿದ್ದಲಿನ ಡಾಂಬರಿನಿಂದ ಹೊರಟ ಪದಾರ್ಥದಿಂದ ನೇರಳೆ ಬಣ್ಣವೊಂದನ್ನು ತಯಾರಿಸಿದ್ದನು. ಅಲ್ಲಿಂದ ಮುಂದೆ ನೂರಾರು ಕೃತಕ ಬಣ್ಣಗಳು ಹುಟ್ಟಿದವು. ಬಟ್ಟೆಗೆ ಹಾಕುವ ಈ ಬಣ್ಣಗಳನ್ನು ವೈಗರ್ಟನು ಸೂಕ್ಷ್ಮದರ್ಶಕದ ಕೆಳಗಿನ ಅಂಗಾಂಶಗಳಿಗೆ ಹಾಕಿ ನೋಡುತ್ತಿದ್ದನು. ಎಳೆಯ ಎರ್ಲಿಖನು ಇದನ್ನು ಕಂಡು ಮರುಳಾದನು. ಬ್ರೆಸ್ಲೌ, ಸ್ಟ್ರಾಸ್‌ಬರ್ಗ್, ಫ್ರೈಬರ್ಗ್, ಲೈಪ್‌ಜಿಗ್ ನಗರಗಳಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ, ಪಾಠಗಳನ್ನು ಕೇಳಿದುದಕ್ಕಿಂತ ಬಣ್ಣ ಕಲಸಿದುದೇ ಹೆಚ್ಚು. ಆತನ ಮೇಜೂ ಕೈಗಳೂ ಸದಾ ಹೋಳಿಹಬ್ಬವನ್ನು ಆಡಿದಂತೆ ಇರುತ್ತಿದ್ದವು. ಆಮೇಲೆ ಗುರುಸಮಾನನಾದ ರಾಬರ್ಟ್ ಕೋಖನು ಬ್ರೆಸ್ಲೌಗೆ ಬಂದಾಗ, ಈ ಹುಡುಗ ಬಣ್ಣ ಹಾಕುವುದರಲ್ಲಿ ನಿಪುಣ, ಆದರೆ ಪರೀಕ್ಷೆಯಲ್ಲಿ ತೇರ್ಗಡೆಯಾಗುವವನಲ್ಲ ಎಂದು ಅವನಿಗೆ ಯಾರೋ ಪರಿಚಯಿಸಿದರಂತೆ. ಎರ್ಲಿಖನು ತೇರ್ಗಡೆಯಾದನು, 1878ರಲ್ಲಿ ಬಣ್ಣ ಹಾಕುವ ವಿದ್ಯೆಯ ಮೇಲೆಯೇ ಪ್ರಬಂಧ ಬರೆದು ಡಾಕ್ಟರ್ ಪದವಿಯನ್ನೂ ಪಡೆದನು.

ಬಣ್ಣದಿಂದ ಮದ್ದಿಗೆ

ಬಣ್ಣದಲ್ಲಿ ಅಷ್ಟೊಂದು ಆಸಕ್ತಿಯೇಕೆ? ಒಂದು ಬಣ್ಣವನ್ನು ಅಂಗಾಂಶದ ಮೇಲೆ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹಿಡಿಯುವುದಿಲ್ಲ. ಒಂದು ಬಗೆಯ ಜೀವಕೋಶವು ಅದನ್ನು ಹೀರಿಕೊಳ್ಳುತ್ತದೆ, ಪಕ್ಕದ ಇನ್ನೊಂದು ಮುಟ್ಟುವುದೂ ಇಲ್ಲ. ಹೀಗೆ ಬಣ್ಣಗಳ ನೆರವಿನಿಂದ ಎರ್ಲಿಖನು ರಕ್ತದ ಬಿಳಿಯ ಕಣಗಳಲ್ಲಿ ಹಲವು ಜಾತಿಗಳಿರುವುದನ್ನು ತೋರಿಸಿದನು. ಇಂದು ನಮ್ಮ ಬೀದಿಯ ರಕ್ತಪರೀಕ್ಷೆಯ ಅಂಗಡಿಯವರು ಬಿಳಿಯ ಕಣಗಳನ್ನು ವಿಂಗಡಿಸಿ ಲೆಕ್ಕ ಕೊಡುವ ಪದ್ಧತಿಗೆ ಬುನಾದಿ ಹಾಕಿದವನು ಅವನೇ. 1882ರಲ್ಲಿ ಕೋಖನು ಕ್ಷಯದ ರೋಗಾಣುವನ್ನು ಕಂಡುಹಿಡಿದುದಾಗಿ ಬರ್ಲಿನ್ನಿನಲ್ಲಿ ಪ್ರಕಟಿಸಿದ ಸಭೆಯಲ್ಲಿ ಎರ್ಲಿಖನೂ ಇದ್ದನು. ಕೆಲವೇ ದಿನಗಳಲ್ಲಿ ಆ ರೋಗಾಣುವಿಗೆ ಬಣ್ಣ ಹಾಕುವ ಇನ್ನೂ ಉತ್ತಮವಾದ ವಿಧಾನವನ್ನು ರೂಪಿಸಿದನು.

ವಿದ್ಯಾರ್ಥಿಯಾಗಿದ್ದಾಗಲೇ ಆತನು ಸೀಸದ ವಿಷದ ಬಗ್ಗೆ ಒಂದು ಪುಸ್ತಕವನ್ನು ಓದಿದ್ದನು. ಮೈಗೆ ಸೇರಿದ ಸೀಸವು ಎಲ್ಲ ಅಂಗಗಳಲ್ಲೂ ಒಂದೇ ಪ್ರಮಾಣದಲ್ಲಿ ನಿಲ್ಲದೆ ಕೆಲವು ಅಂಗಗಳಲ್ಲಿ ಮಾತ್ರ ಹೆಚ್ಚಾಗಿ ಶೇಖರವಾಗುವುದೆಂದು ಅದರಲ್ಲಿತ್ತು. ಬಣ್ಣವೂ ತನ್ನ ಜಾಗವನ್ನು ಆರಿಸಿಕೊಳ್ಳುತ್ತದೆ, ವಿಷವೂ ಆರಿಸಿಕೊಳ್ಳುತ್ತದೆ. ಹಾಗಾದರೆ ರೋಗಾಣುವನ್ನು ಮಾತ್ರ ಆರಿಸಿಕೊಂಡು ಹಿಡಿಯುವ, ಹಿಡಿದು ಕೊಲ್ಲುವ, ಉಳಿದ ಮೈಯನ್ನು ಮುಟ್ಟದ ಪದಾರ್ಥವೊಂದು ಇರಬಾರದೇಕೆ? ಈ ಯೋಚನೆ ಆತನ ಬಾಳನ್ನೆಲ್ಲ ಆಳಿತು. ಮರದ ಮೇಲಿನ ಹಕ್ಕಿಯ ಕಣ್ಣಲ್ಲದೆ ಬೇರೇನನ್ನೂ ಕಾಣದ ಅರ್ಜುನನ ಬಾಣವನ್ನು ನಮ್ಮ ಮಕ್ಕಳು ಬಲ್ಲರು. ಎರ್ಲಿಖನು ಬಯಸಿದುದು ಅಂತಹ ಬಾಣವನ್ನು. ಅದನ್ನು ಅವನು ಮಾಂತ್ರಿಕ ಗುಂಡು ಎಂದು ಕರೆದನು. ಗೊತ್ತಾದ ರಾಸಾಯನಿಕ ಪದಾರ್ಥದಿಂದ ರೋಗದ ಬೇರನ್ನೇ ಹೊಡೆಯುವ ಈ ಕ್ರಮಕ್ಕೆ ಕೀಮೋಥೆರಪಿ ಎಂಬ ಹೆಸರಿಟ್ಟವನೂ ಅವನೇ. ಆಗ ಆ ಮಾತು ಸೂಚಿಸುತ್ತಿದ್ದುದು ಮುಖ್ಯವಾಗಿ ರೋಗಾಣುಗಳ ಮೇಲಿನ ಯುದ್ಧವನ್ನು. ಕ್ಯಾನ್ಸರಿನ ಮದ್ದಿಗೆ ಅದು ಅಂಟಿಕೊಂಡುದು ಆಮೇಲೆ.

1883ರಲ್ಲಿ ಆತನು ಹೆಡ್ವಿಗ್ ಪಿಂಕುಸ್ ಎಂಬಾಕೆಯನ್ನು ವಿವಾಹವಾದನು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. 1888ರಲ್ಲಿ ಕ್ಷಯರೋಗ ತಗಲಿ, ಹವೆಯ ಬದಲಾವಣೆಗಾಗಿ ಈಜಿಪ್ಟಿಗೆ ಹೋಗಬೇಕಾಯಿತು. ಗುಣಹೊಂದಿ ಹಿಂದಿರುಗಿದಾಗ ಕೈಯಲ್ಲಿ ಕೆಲಸವಿರಲಿಲ್ಲ. ಬರ್ಲಿನ್ನಿನಲ್ಲಿ ಸ್ವಂತ ಖರ್ಚಿನಿಂದ ಸಣ್ಣದೊಂದು ಪ್ರಯೋಗಶಾಲೆಯನ್ನು ಹೂಡಿ ದುಡಿದನು. 1891ರಲ್ಲಿ ಮೆಥಿಲೀನ್ ನೀಲಿಯೆಂಬ ಬಣ್ಣವನ್ನು ಮಲೇರಿಯಾ ಹಿಡಿದ ಇಬ್ಬರು ರೋಗಿಗಳಿಗೆ ಸಹೋದ್ಯೋಗಿಯೊಬ್ಬನೊಡನೆ ಕೊಟ್ಟು ನೋಡಲು, ಅವರು ಚೇತರಿಸಿಕೊಂಡರು. ಬಟ್ಟೆಯ ಬಣ್ಣವು ಮನುಷ್ಯನ ಮದ್ದಾಯಿತು. ಬಳಿಕ ಕೋಖನ ಸಂಸ್ಥೆಯಲ್ಲಿದ್ದು, ಬೇರಿಂಗ್ ಎಂಬ ವಿಜ್ಞಾನಿಯು ಕಂಡುಹಿಡಿದ ಗಂಟಲಮಾರಿಯ ಸೀರಮ್ಮಿನ ಬಲವನ್ನು ಕರಾರುವಾಕ್ಕಾಗಿ ಅಳೆಯುವ ವಿಧಾನವನ್ನು ಒದಗಿಸಿದನು. ಸೀಸೆಯಿಂದ ಸೀಸೆಗೆ ಬಲ ಬೇರೆಬೇರೆಯಾಗಿದ್ದ ಔಷಧಕ್ಕೆ ಅಳತೆ ದೊರೆತುದರಿಂದ ಅದು ನಂಬಿಕೆಗೆ ಅರ್ಹವಾಯಿತು. 1896ರಲ್ಲಿ ಸ್ಟೆಗ್ಲಿಟ್ಸಿನಲ್ಲಿ ಆತನಿಗಾಗಿ ಒಂದು ಸೀರಮ್ ಸಂಸ್ಥೆ ಏರ್ಪಟ್ಟಿತು. 1899ರಲ್ಲಿ ಅದು ಫ್ರಾಂಕ್‌ಫರ್ಟ್ ನಗರಕ್ಕೆ ಹೋಯಿತು. ಮೈಯ ರೋಗನಿರೋಧ ಶಕ್ತಿಯನ್ನು ಕುರಿತ ಸಂಶೋಧನೆಗಾಗಿ 1908ರಲ್ಲಿ ರಷ್ಯಾದ ಮೆಚ್ನಿಕಾಫನೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡನು.

ಆತನು ಕ್ಯಾನ್ಸರನ್ನೂ ಬಿಡಲಿಲ್ಲ. ಫ್ರಾಂಕ್‌ಫರ್ಟಿನಲ್ಲಿ ಹಲವು ವರ್ಷ ಇಲಿಗಳ ಗಡ್ಡೆಗಳನ್ನು ಒಂದರಿಂದ ಒಂದಕ್ಕೆ ನೆಟ್ಟು ಅಭ್ಯಾಸ ಮಾಡಿದನು. ನಮ್ಮ ಮೈಯ ಕಾವಲು ಶಕ್ತಿಯೇ ಮೊಳೆಯುವ ಕ್ಯಾನ್ಸರುಗಳನ್ನು ಅಡಗಿಸುತ್ತಿರಬೇಕೆಂದು 1909ರಲ್ಲಿ ಬರೆದನು. ಆದರೆ ಕ್ಯಾನ್ಸರಿಗೆ ಮದ್ದು ಮಾತ್ರ ಆತನಿಗೆ ಸಿಕ್ಕಲಿಲ್ಲ. ಏಕೆ ಸಿಕ್ಕಲಿಲ್ಲವೆಂಬುದನ್ನು ಊಹಿಸುವುದು ಕಷ್ಟವಲ್ಲ. ರೋಗಾಣುವು ಹೊರಗಿನಿಂದ ಬಂದ ಪರಕೀಯ. ಕ್ಯಾನ್ಸರಿನ ಕೋಶವಾದರೋ ನಮ್ಮದೇ ಕೋಶವು ಕೆಟ್ಟು ಬೆಳೆದುದು. ಹೊರಗಿನ ಕಳ್ಳನನ್ನು ಗುರುತಿಸಬಹುದು, ಮನೆಯ ಮಗನೇ ಕಳ್ಳನಾದರೆ ಗುರುತಿಸುವುದು ಹೇಗೆ?

606

ಕ್ಯಾನ್ಸರಿನಲ್ಲಿ ದೊರೆಯದ ಯಶಸ್ಸು ರೋಗಾಣುಗಳಲ್ಲಿ ದೊರೆಯಿತು. 1906ರಲ್ಲಿ ಫ್ರಾನ್ಸಿಸ್ಕಾ ಸ್ಪೈಯರ್ ಎಂಬ ಮಹಿಳೆಯು ತೀರಿಕೊಂಡ ಪತಿಯ ನೆನಪಿಗಾಗಿ ಕೊಟ್ಟ ದೊಡ್ಡ ದಾನದಿಂದ, ಕೀಮೋಥೆರಪಿಗೆಂದೇ ಫ್ರಾಂಕ್‌ಫರ್ಟಿನಲ್ಲಿ ಸಂಶೋಧನಾಲಯವೊಂದು ತೆರೆಯಿತು. ಆಗ ಆಟಾಕ್ಸಿಲ್ ಎಂಬ ಪಾಷಾಣದ ಔಷಧವೊಂದು ಬಳಕೆಯಲ್ಲಿತ್ತು. ಆಫ್ರಿಕಾದ ನಿದ್ರಾರೋಗಕ್ಕೆ ಅದು ಸ್ವಲ್ಪಮಟ್ಟಿಗೆ ಉಪಯುಕ್ತವೆಂದು ತಿಳಿದಿತ್ತು. ಆದರೆ ಕೋಖನ ತಂಡವು 1906–07ರಲ್ಲಿ ಪೂರ್ವ ಆಫ್ರಿಕಾದಲ್ಲಿ ಅದನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ, ಹಲವರ ಕಣ್ಣುಗಳೇ ಹೋದವು. ರೋಗಕ್ಕೆ ಎಸೆದ ಬಾಣವು ರೋಗಿಯ ಕಣ್ಣಿಗೆ ನಾಟಿತು.

ಎರ್ಲಿಖನೂ ಆತನ ಸಹಾಯಕ ಬೆರ್ಟ್‌ಹೈಮನೂ 1907ರಲ್ಲಿ ಆಟಾಕ್ಸಿಲ್ಲಿನ ನಿಜವಾದ ರಾಸಾಯನಿಕ ರಚನೆಯನ್ನು ಬಿಡಿಸಿ ತೋರಿಸಿದರು. ರಚನೆ ತಿಳಿದ ಮೇಲೆ ಅದನ್ನು ಬೇಕಾದಂತೆ ತಿದ್ದಬಹುದಲ್ಲವೆ? ಒಂದು ಅಂಗವನ್ನು ತೆಗೆದು ಇನ್ನೊಂದನ್ನು ಕೂಡಿಸಿ, ನೂರಾರು ಹೊಸ ಪದಾರ್ಥಗಳನ್ನು ತಯಾರಿಸಿದರು. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಪ್ರತಿಯೊಂದಕ್ಕೂ ಪ್ರಾಣಿಗಳ ಮೇಲೆ ಪರೀಕ್ಷೆ. ಎರಡು ಪ್ರಮಾಣಗಳನ್ನು ಎರ್ಲಿಖನು ಅಳೆಯಿಸುತ್ತಿದ್ದನು: ರೋಗವನ್ನು ಗುಣಪಡಿಸಲು ಎಷ್ಟು ಮದ್ದು ಬೇಕು, ಮೈಯು ಹಾನಿಯಿಲ್ಲದೆ ಎಷ್ಟು ಮದ್ದನ್ನು ತಡೆಯಬಲ್ಲುದು. ಇವೆರಡರ ನಡುವೆ ಅಂತರ ಎಷ್ಟು ಹೆಚ್ಚೋ ಮದ್ದು ಅಷ್ಟು ಒಳ್ಳೆಯದು. ಅಂತರವಿಲ್ಲದಿದ್ದರೆ ಅದು ಮದ್ದಲ್ಲ, ವಿಷ.

ಆತನು ಕೆಲಸ ಮಾಡುತ್ತಿದ್ದ ರೀತಿ ವಿಚಿತ್ರವಾದುದು. ಪ್ರತಿದಿನ ಬೆಳಗ್ಗೆ ಒಬ್ಬೊಬ್ಬ ಸಹಾಯಕನಿಗೂ ಆ ದಿನದ ಕೆಲಸವನ್ನು ಬಣ್ಣಬಣ್ಣದ ಚೀಟಿಗಳಲ್ಲಿ ಬರೆದು ಕಳುಹಿಸುತ್ತಿದ್ದನು. ಮಾತಿಗೆ ಕುಳಿತರೆ ನೆಲದ ಮೇಲೂ ಅಂಗಿಯ ಕೈಪಟ್ಟಿಯ ಮೇಲೂ ರಾಸಾಯನಿಕ ಸೂತ್ರಗಳನ್ನು ಗೀಚುತ್ತಿದ್ದನು. ಕಂಕುಳಲ್ಲಿ ಚುಟ್ಟದ ಪೆಟ್ಟಿಗೆ ಇರಲೇಬೇಕು; ದಿನಕ್ಕೆ ಇಪ್ಪತ್ತೈದು ಚುಟ್ಟಗಳು ಸುಟ್ಟುಹೋಗುತ್ತಿದ್ದವು. ಮಹಾತ್ಮರ ಗುಣಗಳಲ್ಲಿ ಇದೊಂದನ್ನು ಮಾತ್ರ ಯಾರೂ ಅನುಸರಿಸಬೇಕಾಗಿಲ್ಲ. ಸಂಶೋಧಕನಿಗೆ ಹಣ, ತಾಳ್ಮೆ, ಕೈಚಳಕ, ಅದೃಷ್ಟ ಎಂಬ ನಾಲ್ಕು ಬೇಕೆಂದು ಆತನು ಹೇಳುತ್ತಿದ್ದನಂತೆ. ಜರ್ಮನ್ ಭಾಷೆಯಲ್ಲಿ ಈ ನಾಲ್ಕೂ ಒಂದೇ ಅಕ್ಷರದಿಂದ ಆರಂಭವಾಗುತ್ತವೆ.

1905ರಲ್ಲಿ ಸಿಫಿಲಿಸ್ ಎಂಬ ಭಯಂಕರ ರೋಗದ ಕ್ರಿಮಿಯನ್ನು ಶೌಡಿನ್ ಮತ್ತು ಹಾಫ್‌ಮನ್ ಎಂಬ ಜರ್ಮನ್ ವಿಜ್ಞಾನಿಗಳು ಗುರುತಿಸಿದ್ದರು. ಪೋರ್ಚುಗೀಸರು ಬಂದ ಮೇಲೆ ನಮ್ಮ ನಾಡಿನಲ್ಲಿ ಇದಕ್ಕೆ ಫಿರಂಗ ರೋಗವೆಂದು ಹೆಸರಾಯಿತು. ಭಾವಪ್ರಕಾಶವೆಂಬ ಆಯುರ್ವೇದ ಗ್ರಂಥದಲ್ಲಿ ಅದರ ವರ್ಣನೆಯಿದೆ. ಮೈಯೆಲ್ಲ ಹುಣ್ಣಾಗಿ, ವರ್ಷಗಳ ಬಳಿಕ ಬುದ್ಧಿಯೂ ಕೆಟ್ಟು ಸಾಯಿಸುವ ರೋಗವದು. ಪಾದರಸವೇ ಮುಖ್ಯವಾದ ಹಳೆಯ ಚಿಕಿತ್ಸೆ. ಅದರಿಂದ ಹಲ್ಲುಗಳು ಉದುರುತ್ತಿದ್ದವು.

1909ರ ವಸಂತದಲ್ಲಿ ಜಪಾನಿನಿಂದ ಸಹಾಚಿರೋ ಹಾತಾ ಎಂಬ ತರುಣ ವಿಜ್ಞಾನಿ ಫ್ರಾಂಕ್‌ಫರ್ಟಿಗೆ ಬಂದನು. ಮೊಲಗಳಿಗೆ ಈ ರೋಗವನ್ನು ತಗಲಿಸಿ ಅಭ್ಯಸಿಸುವ ಕ್ರಮವನ್ನು ಅವನು ಬಲ್ಲವನು. ಹಿಂದೆ ತಯಾರಿಸಿದ್ದ ಪದಾರ್ಥಗಳನ್ನೆಲ್ಲ ಮೊದಲಿನಿಂದ ಪರೀಕ್ಷಿಸಬೇಕೆಂದು ಎರ್ಲಿಖನು ಅವನಿಗೆ ಒಪ್ಪಿಸಿದನು. ಅವುಗಳಲ್ಲಿ 606 ಎಂಬ ಸಂಖ್ಯೆಯದೊಂದಿತ್ತು. 1907ರಲ್ಲಿಯೇ ಅದನ್ನು ತಯಾರಿಸಿದ್ದರು. ಸಹಾಯಕನೊಬ್ಬನು ಪರೀಕ್ಷಿಸಿ, ಪ್ರಯೋಜನವಿಲ್ಲವೆಂದು ಮೂಲೆಗಿಟ್ಟಿದ್ದನು. ಹಾತಾ ಅದನ್ನು ಮತ್ತೆ ಪರೀಕ್ಷಿಸಿದನು. ಆಗಸ್ಟ್ 31ರಂದು ರೋಗಪೀಡಿತವಾದ ಮೊಲವೊಂದಕ್ಕೆ ಸೂಜಿಯ ಮೂಲಕ ಕೊಟ್ಟನು. ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹುಣ್ಣಿನಲ್ಲಿ ಜೀವಂತವಾದ ಒಂದು ಕ್ರಿಮಿಯೂ ಇರಲಿಲ್ಲ. ಒಂದು ತಿಂಗಳೊಳಗೆ ಹುಣ್ಣು ಮಾಯಿತು. ಎರಡು ವರ್ಷ ಮೂಲೆಯಲ್ಲಿ ಧೂಳು ತಿಂದ ಪುಡಿಯು ಲೋಕಕ್ಕೆ ಸಂಜೀವಿನಿಯಾಯಿತು. ಮಾಡಿದ ಕೆಲಸವನ್ನು ಇನ್ನೊಮ್ಮೆ ಸರಿಯಾಗಿ ಮಾಡಿ ನೋಡುವವನಿಗೆ ದೊರೆಯುವ ಫಲವಿದು.

ಮೊಲದಿಂದ ಮನುಷ್ಯನಿಗೆ

ಇಲ್ಲಿಂದ ಮುಂದಿನ ಹೆಜ್ಜೆಯೇ ಎಲ್ಲಕ್ಕಿಂತ ಕಠಿನವಾದುದು. ಮೊಲವು ತಡೆದುಕೊಂಡ ಮದ್ದನ್ನು ಮನುಷ್ಯನು ತಡೆದುಕೊಂಡಾನೆಯೇ? ಎರ್ಲಿಖನು ಅವಸರಪಡಲಿಲ್ಲ. ತನಗೆ ನಂಬಿಕೆಯಿದ್ದ ಕೊನ್ರಾಡ್ ಆಲ್ಟ್ ಎಂಬ ವೈದ್ಯನಿಗೆ ಮದ್ದನ್ನು ಕಳುಹಿಸಿದನು. ಅವನ ಆಸ್ಪತ್ರೆಯಲ್ಲಿ ಇಬ್ಬರು ಸಹಾಯಕ ವೈದ್ಯರು ತಾವಾಗಿಯೇ ಮುಂದೆ ಬಂದು, ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಅವರಿಗೆ ತೊಂದರೆಯಾಗದಿರಲು, ಬದುಕುವ ಆಸೆಯಿಲ್ಲದ ರೋಗಿಗಳಿಗೆ ಕೊಟ್ಟು ನೋಡಿದರು. 1910ರ ಏಪ್ರಿಲ್ 19ರಂದು ವೀಸ್‌ಬಾಡೆನ್ ನಗರದ ವೈದ್ಯ ಸಮ್ಮೇಳನದಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದಾಗ ಲೋಕವೇ ಫ್ರಾಂಕ್‌ಫರ್ಟಿನ ಕಡೆಗೆ ತಿರುಗಿತು. ವೈದ್ಯರೂ ರೋಗಿಗಳೂ ಬಾಗಿಲಿಗೆ ಮುತ್ತಿಕೊಂಡರು. ಆಗಲೂ ಎರ್ಲಿಖನು ಮದ್ದನ್ನು ಮಾರಾಟಕ್ಕೆ ಬಿಡಲಿಲ್ಲ. ಸುಮಾರು 65,000 ಪ್ರಮಾಣಗಳನ್ನು ವೈದ್ಯರಿಗೆ ಉಚಿತವಾಗಿ ಹಂಚಿ, ರೋಗಿಗಳಿಗೆ ಏನಾಯಿತೆಂಬ ವರದಿಗಳನ್ನು ತರಿಸಿಕೊಂಡನು. 1910ರ ಕೊನೆಯಲ್ಲಿ ಅದು ಸಾಲ್ವರ್ಸಾನ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು.

ಸಾಲ್ವರ್ಸಾನ್ ನಿರಪಾಯವಾದ ಬಾಣವೇನೂ ಆಗಿರಲಿಲ್ಲ. ಗಾಳಿ ತಗಲಿದರೆ ಅದು ಕೆಟ್ಟು ಹೆಚ್ಚು ವಿಷವಾಗುತ್ತಿತ್ತು; ಆದುದರಿಂದ ಗಾಳಿಯಿಲ್ಲದ ಗಾಜಿನ ನಳಿಗೆಯಲ್ಲಿ ಮುಚ್ಚಿಡಬೇಕಾಗಿತ್ತು. ಶುದ್ಧವಾದ ನೀರಿನಲ್ಲಿ ಕರಗಿಸಿ, ಅಳತೆ ತಪ್ಪದೆ ಕೊಡಬೇಕಾಗಿತ್ತು. ಎಲ್ಲ ವೈದ್ಯರೂ ಇಷ್ಟು ಎಚ್ಚರದಿಂದಿರಲಿಲ್ಲ. ಕೆಲವರು ರೋಗಿಗಳು ನರಳಿದರು, ಕೆಲವರು ಸತ್ತರು. ಒಂದೊಂದು ಸಾವಿನ ಸುದ್ದಿಯೂ ಎರ್ಲಿಖನ ನಿದ್ರೆಯನ್ನು ಕೆಡಿಸುತ್ತಿತ್ತು. ಆತನು ಮದ್ದನ್ನು ತಿದ್ದುತ್ತಲೇ ಹೋದನು. 1912ರಲ್ಲಿ ನೀರಿನಲ್ಲಿ ಸುಲಭವಾಗಿ ಕರಗುವ ನಿಯೋಸಾಲ್ವರ್ಸಾನ್ ಬಂದಿತು.

ಹೊಗಳಿಕೆಯ ಬೆನ್ನಿಗೇ ನಿಂದೆಯೂ ಬಂದಿತು. ಲಾಭಕ್ಕಾಗಿ ಜನರನ್ನು ಕೊಲ್ಲುತ್ತಿದ್ದಾನೆಂದು ಕೆಲವರು ಆಡಿಕೊಂಡರು; ಯೆಹೂದಿಯೆಂಬ ಕಾರಣದಿಂದಲೂ ದ್ವೇಷಿಸಿದರು. 1914ರಲ್ಲಿ ಜರ್ಮನಿಯ ಸಂಸತ್ತಿನಲ್ಲಿ ಚರ್ಚೆಯಾಯಿತು. ಫ್ರಾಂಕ್‌ಫರ್ಟಿನ ಪತ್ರಿಕಾ ಸಂಪಾದಕನೊಬ್ಬನು, ಆಸ್ಪತ್ರೆಯಲ್ಲಿ ದಿಕ್ಕಿಲ್ಲದ ಹೆಂಗಸರಿಗೆ ಒತ್ತಾಯದಿಂದ ಈ ಮದ್ದನ್ನು ಚುಚ್ಚಿದರೆಂದು ಬರೆದನು. ವಿಷಯವು ನ್ಯಾಯಾಲಯಕ್ಕೆ ಹೋಯಿತು. ಎರ್ಲಿಖನೂ ಸಾಕ್ಷಿ ಹೇಳಬೇಕಾಯಿತು. ಆರೋಪ ಸುಳ್ಳೆಂದು ತೀರ್ಪಾಗಿ ಸಂಪಾದಕನಿಗೆ ಒಂದು ವರ್ಷದ ಸೆರೆಯಾಯಿತು.

ಎರ್ಲಿಖನು ಗೆದ್ದನೆಂದು ಹೇಳಿ ನಾವು ಮುಂದೆ ಹೋಗಬಹುದಾಗಿತ್ತು. ಆದರೆ ಆ ಹೆಂಗಸರನ್ನು ಕುರಿತು ಎದ್ದ ಪ್ರಶ್ನೆ ಸಣ್ಣದಲ್ಲ. ನಮ್ಮ ವಿದ್ಯಾರ್ಥಿನಿ ಕೇಳಿದುದೂ ಅದನ್ನೇ. ಇಲ್ಲಿ ಆತನ ಸಹಪಾಠಿ ನೈಸರನನ್ನು ನೆನೆಯಬೇಕು. ಅವನು 1892ರಲ್ಲಿ, ಬೇರೆ ಕಾಯಿಲೆಗಳಿಗಾಗಿ ಆಸ್ಪತ್ರೆಗೆ ಬಂದಿದ್ದ ಕೆಲವು ಹುಡುಗಿಯರಿಗೂ ಹೆಂಗಸರಿಗೂ, ಅವರಿಗೆ ತಿಳಿಸದೆ, ಸಿಫಿಲಿಸ್ ರೋಗಿಗಳ ರಕ್ತದಿಂದ ತೆಗೆದ ಸೀರಮ್ಮನ್ನು ಚುಚ್ಚಿದ್ದನು. ಅವರಲ್ಲಿ ಕೆಲವರಿಗೆ ಆಮೇಲೆ ಆ ರೋಗ ಕಾಣಿಸಿಕೊಂಡಿತು. ಸಂಗತಿ ಬಯಲಾದಾಗ ಜನ ರೊಚ್ಚಿಗೆದ್ದರು. ಅವನಿಗೆ ದಂಡ ಬಿದ್ದಿತು. 1900ರ ಡಿಸೆಂಬರಿನಲ್ಲಿ ಪ್ರಷ್ಯಾ ಸರಕಾರವು, ರೋಗಿಗೆ ವಿಷಯವನ್ನು ತಿಳಿಯಹೇಳಿ ಒಪ್ಪಿಗೆ ಪಡೆಯದೆ ಇಂತಹ ಪ್ರಯೋಗಗಳನ್ನು ಮಾಡಕೂಡದೆಂದು ಆಜ್ಞೆ ಹೊರಡಿಸಿತು. ಒಂದೇ ಶಾಲೆಯಲ್ಲಿ ಕುಳಿತು ಓದಿದವರಿಬ್ಬರೂ ಬುದ್ಧಿವಂತರೇ. ಬುದ್ಧಿಯೊಂದೇ ಸಾಲದು, ರೋಗಿಯೂ ತನ್ನಂತೆಯೇ ಒಬ್ಬ ಮನುಷ್ಯನೆಂಬ ನೆನಪು ಬೇಕು ಎಂಬುದು ಇದರಿಂದ ನಮಗೆ ತಿಳಿಯುತ್ತದೆ. ಇಂದಿನ ಅಳತೆಗೋಲಿನಿಂದ ನೋಡಿದರೆ ಎರ್ಲಿಖನ ಪರೀಕ್ಷೆಗಳೂ ಕೊರತೆಯಿಲ್ಲದವಲ್ಲ; ಬುದ್ಧಿ ಕೆಟ್ಟ ರೋಗಿಯು ಒಪ್ಪಿಗೆ ಕೊಡುವುದಾದರೂ ಹೇಗೆ?

ಕೊನೆಯ ದಿನಗಳು

ನಿರಂತರವಾದ ದುಡಿಮೆ, ವ್ಯಾಜ್ಯದ ಚಿಂತೆ, ಮಹಾಯುದ್ಧದ ದುಃಖ ಇವೆಲ್ಲವೂ ಸೇರಿ ಆತನ ಮೈಯನ್ನು ಕುಗ್ಗಿಸಿದವು. 1914ರ ಡಿಸೆಂಬರಿನಲ್ಲಿ ಲಘುವಾದ ಪಾರ್ಶ್ವವಾಯು ಬಡಿಯಿತು. 1915ರ ಆಗಸ್ಟ್ 20ರಂದು ಬಾಡ್ ಹೊಂಬುರ್ಗಿನಲ್ಲಿ, 61ನೆಯ ವಯಸ್ಸಿನಲ್ಲಿ ಎರ್ಲಿಖನು ತೀರಿಕೊಂಡನು. ನಾಟ್ಸಿಗಳ ಆಳ್ವಿಕೆಯಲ್ಲಿ ಫ್ರಾಂಕ್‌ಫರ್ಟಿನ ರಸ್ತೆಯಿಂದ ಆತನ ಹೆಸರನ್ನು ಅಳಿಸಿದರು. ವಿಧವೆ ಹೆಡ್ವಿಗ್ ದೇಶ ಬಿಟ್ಟು ಹೋಗಬೇಕಾಯಿತು. ಕಾಲವು ತಿರುಗಿತು. ಹೆಸರು ರಸ್ತೆಗೆ ಮರಳಿತು. ಯೂರೋ ನಾಣ್ಯವು ಬರುವ ಮೊದಲು ಜರ್ಮನಿಯ 200 ಮಾರ್ಕಿನ ನೋಟಿನ ಮೇಲೆ ಆತನ ಮುಖವೇ ಇತ್ತು.

ಆತನ ಹಾದಿಯಲ್ಲಿ

ಎರ್ಲಿಖನು ಬಿಟ್ಟುಹೋದ ಯೋಚನೆಗಳಲ್ಲಿ ಇನ್ನೊಂದು ಮುಖ್ಯವಾದುದು. ಒಂದೇ ಮದ್ದಿಗೆ ಪಳಗಿದ ರೋಗಾಣುಗಳು ಕ್ರಮೇಣ ಅದಕ್ಕೆ ಜಗ್ಗುವುದಿಲ್ಲವೆಂಬುದನ್ನು ಆತನ ಪ್ರಯೋಗಶಾಲೆಯು 1907ರಲ್ಲಿಯೇ ಕಂಡಿತ್ತು. ಆದುದರಿಂದ ಬೇರೆಬೇರೆ ಜಾಗಗಳನ್ನು ಹೊಡೆಯುವ ಮದ್ದುಗಳನ್ನು ಒಟ್ಟಿಗೆ ಕೊಡಬೇಕೆಂದು ಆತನು ಪ್ರತಿಪಾದಿಸಿದನು. ಕೋಟೆಯನ್ನು ನಾಲ್ಕು ದಿಕ್ಕಿನಿಂದ ಮುತ್ತುವಂತೆ.

ಕ್ಯಾನ್ಸರಿಗೆ ರಾಸಾಯನಿಕ ಮದ್ದುಗಳು 1940ರ ದಶಕದಲ್ಲಿ ಬಂದವು. ಅವುಗಳಲ್ಲಿ ಅಮಿನಾಪ್ಟೆರಿನ್ ಎಂಬುದು ತಯಾರಾದುದು, ಆಂಧ್ರದ ಭೀಮಾವರದಲ್ಲಿ ಹುಟ್ಟಿ ಅಮೆರಿಕೆಗೆ ಹೋದ ಯಲ್ಲಾಪ್ರಗಡ ಸುಬ್ಬರಾಯರ ನೇತೃತ್ವದ ಸಂಶೋಧನಾಲಯದಲ್ಲಿ. ಈ ಮದ್ದುಗಳು ಬೇಗಬೇಗ ಬೆಳೆಯುವ ಕೋಶಗಳನ್ನೆಲ್ಲ ಹೊಡೆಯುತ್ತವೆ. ಆದುದರಿಂದಲೇ ಕೂದಲು ಉದುರುತ್ತದೆ, ವಾಂತಿಯಾಗುತ್ತದೆ, ರಕ್ತದ ಕಣಗಳು ಕುಸಿಯುತ್ತವೆ. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು ಒಂದೇ ಗುರಿಯನ್ನು ಹಿಡಿಯುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಕಂಡುಹಿಡಿದ ಮೇಲೆ, ಎರ್ಲಿಖನ ಬಾಣಕ್ಕೆ ಮೊನೆ ದೊರೆಯಿತು. ಬ್ರೆಂಟುಕ್ಸಿಮಾಬ್ ವೆಡೋಟಿನ್ ಎಂಬ ಔಷಧದಲ್ಲಿ, ಹಾಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರಿನ ಕೋಶವನ್ನು ಗುರುತಿಸುವ ಪ್ರತಿಕಾಯಕ್ಕೆ ವಿಷದ ಕಣವನ್ನು ಕಟ್ಟಿರುತ್ತಾರೆ. ಬಾಣವು ಗುರಿಗೆ ನಾಟಿ ಒಳಹೊಕ್ಕ ಮೇಲೆಯೇ ವಿಷವು ಬಿಚ್ಚಿಕೊಳ್ಳುತ್ತದೆ. ಅಮೆರಿಕೆಯಲ್ಲಿ 2011ರಲ್ಲಿ ಇದಕ್ಕೆ ಮೊದಲ ಅನುಮತಿ ದೊರೆಯಿತು.

ಗುರಿಯರಿತ ಈ ಮದ್ದನ್ನು ರೂಢಿಯ ನಾಲ್ಕು ಕೀಮೋಥೆರಪಿ ಮದ್ದುಗಳೊಡನೆ ಕೂಡಿಸಿದರೆ ಇನ್ನೂ ಒಳ್ಳೆಯದಾಗಬೇಕಲ್ಲವೆ? ಆ ಮುಂದುವರಿದ ರೋಗವಿದ್ದ ಕೆಲವರಿಗೆ ಮಾತ್ರ, ಪ್ರಮಾಣವನ್ನು ಮೆಲ್ಲಮೆಲ್ಲನೆ ಏರಿಸುತ್ತ, ಕೊಟ್ಟು ನೋಡಿದರು. ಮೊದಲ ಘಟ್ಟದ ಪರೀಕ್ಷೆಯೆಂದರೆ ಇದೇ. ರೋಗ ವಾಸಿಯಾಯಿತೇ ಎಂಬುದಕ್ಕಿಂತ ಮೊದಲು, ಮೈಯು ಎಷ್ಟು ತಡೆಯಬಲ್ಲುದು ಎಂದು ಅಳೆಯುವುದು ಇದರ ಉದ್ದೇಶ. 25 ಮಂದಿಯಲ್ಲಿ 11 ಮಂದಿಯ ಶ್ವಾಸಕೋಶಗಳಿಗೆ ಪೆಟ್ಟಾಯಿತು. ಹಳೆಯ ನಾಲ್ಕರಲ್ಲಿ ಬ್ಲಿಯೋಮೈಸಿನ್ ಎಂಬುದು ಶ್ವಾಸಕೋಶಕ್ಕೆ ಮೊದಲೇ ಕೆಡುಕು. ಹೊಸದರೊಡನೆ ಕೂಡಿದಾಗ ಕೆಡುಕು ಹೆಚ್ಚಿತು. ಅದನ್ನು ಬಿಟ್ಟು ಉಳಿದ ಮೂರರೊಡನೆ 26 ಮಂದಿಗೆ ಕೊಟ್ಟಾಗ, ಒಬ್ಬರಿಗೂ ಶ್ವಾಸಕೋಶದ ಆ ತೊಂದರೆಯಾಗಲಿಲ್ಲ. 2013ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಆಮೇಲೆ 1,334 ರೋಗಿಗಳಲ್ಲಿ ನಡೆದ ದೊಡ್ಡ ಪರೀಕ್ಷೆಯಲ್ಲಿ ಈ ಹೊಸ ಕೂಟವು ಹಳೆಯದಕ್ಕಿಂತ ಮೇಲೆಂದು ತಿಳಿದು, 2018ರಲ್ಲಿ ಅಮೆರಿಕೆಯಲ್ಲಿ ಅನುಮತಿ ಪಡೆಯಿತು. ಆರು ವರ್ಷಗಳ ಬಳಿಕ ಹಳೆಯ ಕ್ರಮದಲ್ಲಿ ನೂರಕ್ಕೆ ಸುಮಾರು 89 ಮಂದಿ, ಹೊಸ ಕ್ರಮದಲ್ಲಿ ಸುಮಾರು 94 ಮಂದಿ ಬದುಕಿದ್ದರು. ಮೊದಲಿನ ಆ ಕೆಲವರನ್ನು ಎಚ್ಚರದಿಂದ ನೋಡಿಕೊಳ್ಳದೆ, ಎರಡು ಒಳ್ಳೆಯವು ಕೂಡಿದರೆ ಒಳ್ಳೆಯದೇ ಆಗುವುದೆಂದು ಒಮ್ಮೆಗೇ ಸಾವಿರಾರು ಜನರಿಗೆ ಕೊಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನು ಓದುಗರೇ ಊಹಿಸಬಹುದು.

ಇಂದು ನಮ್ಮ ದೇಶದಲ್ಲಿಯೂ ಇಂತಹ ಪರೀಕ್ಷೆಗಳಿಗೆ 2019ರ ನಿಯಮಗಳುಂಟು. ನೀತಿ ಸಮಿತಿಯು ಒಪ್ಪಬೇಕು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಎಲ್ಲವನ್ನೂ ತಿಳಿಸಬೇಕು. ಒಪ್ಪಿ ಸೇರಿದವನು ಬೇಡವೆನಿಸಿದಾಗ ಹೊರಗೆ ಬರಬಹುದು. ಇಲಿಗೂ ಮನುಷ್ಯನಿಗೂ ಇರುವ ಭೇದವಿದು: ಇಲಿಯನ್ನು ಯಾರೂ ಕೇಳುವುದಿಲ್ಲ.

ಆ ಹುಡುಗಿ ಮರುವಾರ ಕಾಗದಗಳನ್ನು ತಂದಳು. ಕನ್ನಡದ ಪ್ರತಿಯೂ ಇದ್ದಿತು. ಭಾನುವಾರ ನಾವು ಅವರ ಮನೆಗೆ ಹೋದೆವು. ಆಕೆ ಒಂದೊಂದೇ ವಾಕ್ಯವನ್ನು ಗಟ್ಟಿಯಾಗಿ ಓದಿದಳು. ಮಾವನು ಗೋಡೆಗೆ ಒರಗಿ ಕುಳಿತು ಕೇಳಿದನು. ಅರ್ಥವಾಗದ ಕಡೆ ನಿಲ್ಲಿಸಿ, ಡಾಕ್ಟರನ್ನು ಕೇಳಬೇಕಾದ ಏಳು ಪ್ರಶ್ನೆಗಳನ್ನು ನೋಟ್ ಪುಸ್ತಕದಲ್ಲಿ ಬರೆಯಿಸಿದನು. ಇದರಿಂದ ವಾಸಿಯಾಗುವುದೆಂದು ಆ ಕಾಗದದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಅದನ್ನೂ ಆತನು ಎರಡು ಸಲ ಓದಿಸಿಕೊಂಡನು. ಆಮೇಲೆ ಏನನ್ನು ನಿರ್ಧರಿಸಿದನೆಂಬುದು ಆತನಿಗೂ ಆತನ ಮನೆಯವರಿಗೂ ಸೇರಿದ ವಿಷಯ. ನಿರ್ಧಾರ ಆತನದೇ ಆಗಿತ್ತೆಂಬುದನ್ನು ಮಾತ್ರ ನಾವು ಕಣ್ಣಾರೆ ಕಂಡೆವು.

ಎರ್ಲಿಖನ ಹೆಸರನ್ನು ಹೊತ್ತ ಸಂಸ್ಥೆಯೊಂದು ಇಂದು ಫ್ರಾಂಕ್‌ಫರ್ಟಿನ ಹತ್ತಿರದ ಲಾಂಗೆನ್ ಎಂಬ ಊರಿನಲ್ಲಿದೆ. ಸ್ಟೆಗ್ಲಿಟ್ಸಿನ ಆ ಹಳೆಯ ಸೀರಮ್ ಸಂಸ್ಥೆಯೇ ಅದರ ಮೂಲ. ಜರ್ಮನಿಯಲ್ಲಿ ಪ್ರತಿಕಾಯದ ಔಷಧಗಳನ್ನು ಮನುಷ್ಯರಲ್ಲಿ ಪರೀಕ್ಷಿಸಬೇಕಾದರೆ ಅದರ ಅನುಮತಿ ಬೇಕು. ಬಾಣದ ಕನಸು ಕಂಡವನ ಹೆಸರಿನಲ್ಲಿಯೇ ಬಾಣದ ಪರೀಕ್ಷೆಯೂ ನಡೆಯುತ್ತಿರುವುದು ಉಚಿತವಾಗಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಮುಂದೆ ಔಷಧಗಳನ್ನು ಕಂಡುಹಿಡಿಯಲಿ, ಯಾರಾದರೂ ಆ ಔಷಧದ ಕಾಗದವನ್ನು ನೋಯುತ್ತಿರುವವನ ಮುಂದೆ ತಿಳಿಗನ್ನಡದಲ್ಲಿ ಓದಿ ಹೇಳಲಿ. ಎರಡೂ ಲೋಕಕ್ಕೆ ಬೇಕಾದ ಕೆಲಸಗಳೇ.